ಚಟ್ನಿಯ ಫೋಟೊ ತೆಗೆಯಲಿಕ್ಕೂ ಒಂದು ಶಾಲೆ

ಸಂತೆಯಲ್ಲಿ ಶೇಂಗಾ ಚಟ್ನಿ ಕೊಳ್ಳುವ ಗಿರಾಕಿ ಮೊದಲು ಏನು ಮಾಡುತ್ತಾನೆ? ಚಿಟಿಕೆಯಷ್ಟು ಎತ್ತಿ ಅಂಗೈಗೆ ಹಾಕಿಕೊಳ್ಳುತ್ತಾನೆ, ಮೂಸಿ ನೋಡುತ್ತಾನೆ, ನಾಲಿಗೆಗೆ ಇಡುತ್ತಾನೆ. ದರ ಕೇಳುವುದು ಆಮೇಲೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಮೊಬೈಲಿನಲ್ಲಿ ಮಾಲು ನೋಡುವ ಗಿರಾಕಿಗೆ ಈ ಮೂರೂ ಇಲ್ಲ. ಅವನ ಕೈಗೆ ಸಿಗುವುದು ಒಂದು ಫೋಟೊ. ಅಂಗೈ, ಮೂಗು, ನಾಲಿಗೆ ಮಾಡುವ ಕೆಲಸವನ್ನೆಲ್ಲ ಆ ಫೋಟೊವೇ ಮಾಡಬೇಕು.

ಅಕ್ಕಲಕೋಟ ತಾಲೂಕಿನ ನಮ್ಮ ಊರಿನಲ್ಲಿ ಏಳು ಮಂದಿ ಹೆಣ್ಣುಮಕ್ಕಳು ಕೂಡಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಲೆಕ್ಕ ಬರೆಯುವುದು, ಮಾಲು ಕಳಿಸುವುದು ನನ್ನ ಪಾಲಿನ ಕೆಲಸ. ಕಳೆದ ವರ್ಷ ಪುಣೆಯ ಅಂಗಡಿಕಾರರೊಬ್ಬರು ನಮ್ಮ ಚಟ್ನಿ ತಿಂದು ಮೆಚ್ಚಿದರು. ಆದರೆ ದರ ಮಾತ್ರ ಬೇರೆಯವರಿಗೆ ಕೊಡುವುದಕ್ಕಿಂತ ಕಿಲೋಕ್ಕೆ 40 ರೂಪಾಯಿ ಕಡಿಮೆ ಹೇಳಿದರು. ಕಾರಣ ಕೇಳಿದ್ದಕ್ಕೆ ಅವರು ಮರಾಠಿಯಲ್ಲಿ ಕೊಟ್ಟ ಉತ್ತರ ಇಷ್ಟೇ: ರುಚಿ ಅಂಗಡಿಗೆ ಬಂದವರಿಗೆ ಗೊತ್ತಾಗುತ್ತದೆ, ಮೊಬೈಲಿನಲ್ಲಿ ನೋಡುವವರಿಗೆ ನಿಮ್ಮ ಪಾಕೀಟಿನ ಚಿತ್ರ ಇಟ್ಟಂಗಿ ಪುಡಿಯಂತೆ ಕಾಣುತ್ತದೆ. ಆ ಚಿತ್ರ ಪಾಕೀಟು ಅಚ್ಚು ಹಾಕುವವರೇ ತೆಗೆದು ಕೊಟ್ಟದ್ದಾಗಿತ್ತು.

40 ರೂಪಾಯಿ ಎಂದರೆ ಏಳು ಮಂದಿಯ ಕೂಲಿಯಲ್ಲಿ ದೊಡ್ಡ ಪಾಲು. ಹಾಗಾಗಿ ಸೊಲ್ಲಾಪುರದಲ್ಲಿ ಫೋಟೊಗ್ರಾಫರರೊಬ್ಬರು ನಡೆಸುವ ಆಹಾರ ಛಾಯಾಗ್ರಹಣದ ತರಗತಿಗೆ ನಾನು ಹೆಸರು ಹಚ್ಚಿದೆ. ಆರು ಭಾನುವಾರದ ಪಾಠ, ಹನ್ನೊಂದು ಮಂದಿ ವಿದ್ಯಾರ್ಥಿಗಳು. ಒಬ್ಬರು ಹೋಟೆಲಿನ ಮಾಲೀಕರು, ಒಬ್ಬಳು ಬೇಕರಿ ನಡೆಸುವ ಹುಡುಗಿ, ಸಾಂಗೋಲೆ ಕಡೆಯ ದಾಳಿಂಬೆ ಬೆಳೆಗಾರರೊಬ್ಬರು, ಮಂದ್ರೂಪದಿಂದ ಬರುತ್ತಿದ್ದ ಹಪ್ಪಳ ಮಾಡುವ ಅಕ್ಕ-ತಂಗಿ. ದೊಡ್ಡ ಕ್ಯಾಮೆರಾ ಇದ್ದವರು ಮೂವರು. ಉಳಿದ ನಮ್ಮೆಲ್ಲರ ಕೈಯಲ್ಲಿ ಇದ್ದದ್ದು ದಿನಾ ಮಾತಾಡುವ ಮೊಬೈಲೇ.

ಬೆಳಕಿನ ಪಾಠ

ಮೊದಲ ಭಾನುವಾರ ಮಾಸ್ತರರು ಯಾರಿಗೂ ಕ್ಯಾಮೆರಾ ಮುಟ್ಟಗೊಡಲಿಲ್ಲ. ಕೋಣೆ ಕತ್ತಲು ಮಾಡಿ, ತಟ್ಟೆಯಲ್ಲಿ ಒಂದು ಹಿಡಿ ಚಟ್ನಿ ಇಟ್ಟು, ಕೈಯಲ್ಲಿ ಬ್ಯಾಟರಿ ಹಿಡಿದರು. ಬೆಳಕು ಎದುರಿನಿಂದ ಬಿದ್ದಾಗ ಚಟ್ನಿ ಚಪ್ಪಟೆಯಾದ ಒಂದು ಕೆಂಪು ಕಲೆ. ಪಕ್ಕದಿಂದ ಬಿದ್ದಾಗ ಒಂದೊಂದು ನುಚ್ಚಿಗೂ ಒಂದೊಂದು ನೆರಳು ಹುಟ್ಟಿತು, ಪುಡಿ ಎದ್ದು ಕಂಡಿತು. ಬ್ಯಾಟರಿ ತಟ್ಟೆಯ ಹಿಂದಕ್ಕೆ ಹೋದಾಗ ಚಟ್ನಿಯ ಎಣ್ಣೆ ಮಿಂಚಿತು.

ಒಕ್ಕಲಿಗರಿಗೆ ಇದು ಹೊಸ ಮಾತಲ್ಲ. ನೇಗಿಲು ಹೊಡೆದ ಹೊಲವನ್ನು ನಡುಮಧ್ಯಾಹ್ನ ನೋಡಿದರೆ ಬರೀ ಮಣ್ಣು, ಇಳಿಹೊತ್ತಿನ ಓರೆ ಬಿಸಿಲಿನಲ್ಲಿ ನೋಡಿದರೆ ಹೆಂಟೆ ಹೆಂಟೆಯೂ ಲೆಕ್ಕಕ್ಕೆ ಸಿಗುತ್ತದೆ. ಮಂದ್ರೂಪದ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು: "ಅಣ್ಣಾರ, ಹೊಲದಾಗ ನೋಡಿದ್ದನ್ನ ತಾಟಿನ್ಯಾಗ ತೋರಸಾಕತ್ಯಾರ ನೋಡ್ರಿ."

ಎಣ್ಣೆಯ ಮಿಂಚು ನಮಗೆ ದೊಡ್ಡ ವಿಷಯ. ನಮ್ಮ ಚಟ್ನಿಯಲ್ಲಿ ಹುರಿದ ಶೇಂಗಾ, ಬಳ್ಳೊಳ್ಳಿ, ಖಾರಪುಡಿ, ಜೀರಗಿ, ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಮಿಕ್ಸರಿನಲ್ಲಿ ಗರ್ರೆಂದು ತಿರುಗಿಸಿದರೆ ಸಣ್ಣ ಒಣ ಪುಡಿಯಾಗುತ್ತದೆ. ಒರಳಿನಲ್ಲಿ ಹಾರಿಯಿಂದ ಕುಟ್ಟಿದರೆ ಶೇಂಗಾ ತನ್ನ ಎಣ್ಣೆ ಬಿಡುತ್ತದೆ, ಚಟ್ನಿ ಮುದ್ದೆಗಟ್ಟಿ ಜಿನುಗುತ್ತದೆ. ಕುಟ್ಟುವ ಕೈಗಳ ದಣಿವೆಲ್ಲ ಆ ಜಿನುಗಿನಲ್ಲಿ ಇದೆ, ಅದಕ್ಕೇ ನಮ್ಮ ದರವೂ ಹೆಚ್ಚು. ಎದುರಿನ ಫ್ಲ್ಯಾಶು ಹಾಕಿ ತೆಗೆದ ಚಿತ್ರದಲ್ಲಿ ಕುಟ್ಟಿದ್ದೂ ಒಂದೇ, ಮಿಕ್ಸರಿನದೂ ಒಂದೇ.

ಒಳ್ಳೆಯ ಬೆಳಕಿಗೆ ದುಡ್ಡು ಬೇಕಿಲ್ಲ. ಉತ್ತರಕ್ಕೆ ಮುಖ ಮಾಡಿದ ಕಿಟಕಿ ಸಾಕು, ಅಲ್ಲಿ ನೇರ ಬಿಸಿಲು ಕಡಿಮೆ, ಬೆಳಕು ದಿನವಿಡೀ ಸಮನಾಗಿರುತ್ತದೆ. ಆದರೆ ನಮ್ಮ ಸೀಮೆಯದೇ ಒಂದು ಲೆಕ್ಕ ಇದೆ. ಸೊಲ್ಲಾಪುರ ಇರುವುದು ಉತ್ತರ ಅಕ್ಷಾಂಶ 17.7 ಡಿಗ್ರಿಯ ಆಸುಪಾಸು. ಮೇ ತಿಂಗಳ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯನೂ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ ಸಂಜೆ ಬಿಸಿಲು ಹೊಡೆಯುತ್ತದೆ. ಆಗ ಕಿಟಕಿಗೆ ತೆಳ್ಳನೆಯ ಬಿಳಿ ಧೋತರ ಇಳಿಬಿಟ್ಟರೆ ಬಿಸಿಲು ಸೋಸಿ ಮೆತ್ತಗಾಗುತ್ತದೆ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಅದು ಬೆಳಕನ್ನು ತಿರುಗಿಸಿ ಕತ್ತಲಾದ ಬದಿಗೆ ಚೆಲ್ಲುತ್ತದೆ.

ಇನ್ನೊಂದು ಕಟ್ಟುನಿಟ್ಟು: ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯುವಾಗ ಮನೆಯ ಬಲ್ಬು ಆರಿಸಲೇಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಗಲಿನ ಬೆಳಕು ಸುಮಾರು 5500, ಹಳದಿ ಬಲ್ಬಿನದು 2700ರಿಂದ 3000. ಎರಡೂ ಒಂದೇ ತಟ್ಟೆಯ ಮೇಲೆ ಬಿದ್ದರೆ ರೊಟ್ಟಿಯ ಒಂದು ಬದಿ ನೀಲಿ, ಇನ್ನೊಂದು ಬದಿ ಅರಿಶಿನ. ಯಾವ ಬಣ್ಣ ಖರೆ ಎಂದು ಕ್ಯಾಮೆರಾಕ್ಕೂ ತಿಳಿಯುವುದಿಲ್ಲ.

ಬಿಳಿ ರೊಟ್ಟಿ ಬೂದಿ ಬಣ್ಣ ಯಾಕೆ?

ಮೂರನೆಯ ಭಾನುವಾರ ನಾನು ಕಡಕ್ ರೊಟ್ಟಿ ಒಯ್ದಿದ್ದೆ. ನಮ್ಮ ಭಾಗದ ಮಾಲದಂಡಿ ಜೋಳದ ಹಿಟ್ಟು ಎಷ್ಟು ಬೆಳ್ಳಗೆಂಬುದು ಬಲ್ಲವರಿಗೆ ಗೊತ್ತು. ಬಿಳಿ ಬಟ್ಟೆಯ ಮೇಲೆ ಬಿಳಿ ರೊಟ್ಟಿ ಇಟ್ಟು ತೆಗೆದ ಚಿತ್ರ ಎಲ್ಲರ ಮೊಬೈಲಿನಲ್ಲೂ ಬೂದಿ ಬಣ್ಣಕ್ಕೇ ಬಂತು.

ಇದಕ್ಕೆ ಕಾರಣ ಯಂತ್ರದ ಸ್ವಭಾವ. ಬೆಳಕು ಅಳೆಯುವಾಗ ಕ್ಯಾಮೆರಾ ತನ್ನ ಎದುರಿನ ದೃಶ್ಯ ಒಟ್ಟಾರೆ ನಡುಮಟ್ಟದ ಬೂದು ಎಂದು ಹಿಡಿಯುತ್ತದೆ. ಬಂದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಬೂದು ಎಂಬುದು ಫೋಟೊಗ್ರಾಫರರ ಹಳೆಯ ಲೆಕ್ಕ. ಎದುರಿಗೆ ಬರೀ ಬಿಳಿಯೇ ಇದ್ದರೆ ಬೆಳಕು ಜಾಸ್ತಿಯಾಯಿತೆಂದು ಅದನ್ನು ಕುಗ್ಗಿಸುತ್ತದೆ. ಕಪ್ಪು ಕಬ್ಬಿಣದ ಹಂಚು ಇಟ್ಟರೆ ಬೆಳಕು ಸಾಲದೆಂದು ಹಿಗ್ಗಿಸುತ್ತದೆ, ಹಂಚು ಬೂದಿ ಬಡಿದಂತಾಗುತ್ತದೆ. ಉಪಾಯ ಸರಳ. ಮೊಬೈಲಿನ ಪರದೆಯಲ್ಲಿ ರೊಟ್ಟಿಯ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಮೇಲೆ ಎಳೆಯಬೇಕು. ರೊಟ್ಟಿ ಬೆಳ್ಳಗಾಗುತ್ತದೆ. ಅತಿಯಾಗಿ ಎಳೆದರೆ ಮೇಲಿನ ಗುಳ್ಳೆ, ಸುಟ್ಟ ಚುಕ್ಕೆ ಎರಡೂ ಅಳಿಸಿಹೋಗುತ್ತವೆ. ಗುಳ್ಳೆ ಚುಕ್ಕೆ ಇಲ್ಲದ ರೊಟ್ಟಿಯನ್ನು ಯಾರು ರೊಟ್ಟಿ ಅಂತಾರೆ?

ನಿಲ್ಲುವ ಜಾಗಕ್ಕೂ ಲೆಕ್ಕವಿದೆ. ಹಲವು ಪದಾರ್ಥ ಬಡಿಸಿದ ತಾಟನ್ನು ನೆತ್ತಿಯ ಮೇಲಿನಿಂದ ತೆಗೆಯಬೇಕು. ಬಟ್ಟಲಿನ ಕಾಳುಪಲ್ಯ, ಎಣ್ಣೆಗಾಯಿಯನ್ನು ಉಣ್ಣಲು ಕೂತವನ ಕಣ್ಣಿನ ಓರೆಯಿಂದ, ಅಂದರೆ ಸುಮಾರು 45 ಡಿಗ್ರಿಯಿಂದ. ಒಂದರ ಮೇಲೊಂದು ಒಟ್ಟಿದ ರೊಟ್ಟಿಯನ್ನು ಅದರ ಮಟ್ಟಕ್ಕೇ ಬಗ್ಗಿ ತೆಗೆಯಬೇಕು, ಆಗಲೇ ಪದರು ಎಣಿಸಲು ಬರುತ್ತದೆ. ಮೊಬೈಲನ್ನು ತಟ್ಟೆಗೆ ತೀರ ಹತ್ತಿರ ಒಯ್ದರೆ ಮುಂದಿನ ಅಂಚು ಉಬ್ಬಿ ದುಂಡನೆಯ ತಟ್ಟೆ ಸೊಟ್ಟಗಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಇಟ್ಟರೆ ಆಕಾರ ಕೆಡುವುದಿಲ್ಲ. ಎಲ್ಲಕ್ಕೂ ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಅಡುಗೆಮನೆಯಲ್ಲಿ ಓಡಾಡಿದ ಮೊಬೈಲಿಗೆ ಎಣ್ಣೆಗೈ ತಾಗದೆ ಇರುತ್ತದೆಯೇ?

ದಾಳಿಂಬೆ ಕಾಳಿಗೆ, ಜತ್ತದ ಕಡೆಯ ಒಣದ್ರಾಕ್ಷಿಗೆ ಹಿಂದಿನ ಬೆಳಕೇ ಸೈ. ಬೆಳಕು ಕಾಳಿನೊಳಗಿಂದ ಹಾದು ಬರುವುದರಿಂದ ರಸ ತುಂಬಿದ್ದು ಯಾವುದು, ಒಣಗಿದ್ದು ಯಾವುದು ಚಿತ್ರದಲ್ಲೇ ಗೊತ್ತಾಗುತ್ತದೆ. ಒಳ್ಳೆಯ ಮಾಲಿದ್ದವರಿಗೆ ಇದು ಲಾಭ.

ಸೂಪಿನ ತಳದಲ್ಲಿ ಗೋಲಿ

ನಾಲ್ಕನೆಯ ಭಾನುವಾರ ದೊಡ್ಡ ವಾದವೇ ನಡೆಯಿತು. ಹೋಟೆಲಿನ ಮಾಲೀಕರು ಬಟ್ಟಲಿನ ತಳಕ್ಕೆ ಇನ್ನೊಂದು ಸಣ್ಣ ಬಟ್ಟಲು ಬೋರಲು ಹಾಕಿ ಮೇಲೆ ಪಲ್ಯ ತುಂಬಿದರು. ಚಿತ್ರದಲ್ಲಿ ಬಟ್ಟಲು ತುಂಬಿ ತುಳುಕುವಂತೆ ಕಂಡಿತು. "ಜಾಹೀರಾತಿನವರು ಮಾಡೂದ ಹಿಂಗ ಅಲ್ರೀ?" ಎಂದು ಅವರ ಪ್ರಶ್ನೆ.

ಜಾಹೀರಾತಿನ ಲೋಕದಲ್ಲಿ ಇಂಥ ಹಿಕಮತ್ತು ಬಹಳ ನಡೆದಿದೆ ಎಂದು ಮಾಸ್ತರರು ಒಪ್ಪಿಕೊಂಡರು. ಐಸ್‌ಕ್ರೀಮ್ ಕರಗುತ್ತದೆಂದು ಹಿಸುಕಿದ ಆಲೂಗಡ್ಡೆ, ಹಾಲಿನ ಬದಲು ಬಿಳಿ ಅಂಟು, ಹಣ್ಣಿನ ಮೇಲೆ ಇಬ್ಬನಿ ಕಾಣಲೆಂದು ಗ್ಲಿಸರಿನ್ ಹನಿ. ಆಮೇಲೆ ಅವರು ಹೇಳಿದ ಸಂಗತಿ ವ್ಯಾಪಾರಿಗಳೆಲ್ಲ ತಿಳಿದಿರಬೇಕಾದದ್ದು. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿದ್ದರು. ತರಕಾರಿ ಚೂರು ಮುಳುಗದೆ ಮೇಲೆ ನಿಂತು, ಸೂಪಿನ ತುಂಬ ತರಕಾರಿಯೇ ಇದ್ದಂತೆ ಕಾಣಲಿ ಎಂದು. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿಯಿತು. ಇನ್ನು ಮುಂದೆ ಇಂಥ ಚಿತ್ರ ತೋರಿಸಬಾರದೆಂದು 1970ರಲ್ಲಿ ಆದೇಶವಾಯಿತು.

ನಮ್ಮ ದೇಶದಲ್ಲೂ ಕಾಯ್ದೆ ಸಡಿಲವಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಸಣ್ಣ ವ್ಯಾಪಾರಿಗೆ ಕಾಯ್ದೆಗಿಂತ ಮೊದಲು ಬಂದು ಬಡಿಯುವುದು ಮರಳಿ ಬರುವ ಪಾರ್ಸಲ್ಲು. ಚಿತ್ರ ನೋಡಿ ತರಿಸಿದವನು ಡಬ್ಬಿ ತೆರೆದಾಗ ಬೇರೆಯೇ ಮಾಲು ಕಂಡರೆ ಇನ್ನೊಮ್ಮೆ ನಮ್ಮ ಹೆಸರು ತೆಗೆಯುವುದಿಲ್ಲ.

ಹಾಗಾದರೆ ಅಲಂಕಾರ ಬೇಡವೇ? ಬೇಕು. ಚಟ್ನಿಯ ಪಕ್ಕ ಒಂದು ಬಳ್ಳೊಳ್ಳಿ ಗಡ್ಡೆ, ನಾಲ್ಕು ಶೇಂಗಾ ಇಡಬಹುದು, ಅವು ಅದರೊಳಗೆ ಇರುವಂಥವು. ರೊಟ್ಟಿಯ ಪಕ್ಕ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಇಡಬಹುದು, ಜನ ತಿನ್ನುವುದೇ ಹಾಗೆ. ಗೋಡಂಬಿ ಹಾಕದ ಚಟ್ನಿಯ ಪಕ್ಕ ಗೋಡಂಬಿ ಇಟ್ಟರೆ ಅದು ಸುಳ್ಳು. ಹೋಟೆಲಿನ ಮಾಲೀಕರು ಮರುವಾರ ಬೋರಲು ಬಟ್ಟಲು ತರಲಿಲ್ಲ. ಬಾಯಿ ಚಿಕ್ಕದಿರುವ ಬಟ್ಟಲು ತಂದು, ತಾವು ಗಿರಾಕಿಗೆ ಕೊಡುವಷ್ಟೇ ಪಲ್ಯ ಹಾಕಿ ತೆಗೆದರು. ಚಿತ್ರ ಅಚ್ಚುಕಟ್ಟಾಗಿ ಬಂತು.

ಎರಡು ಭಾಷೆ, ಒಂದೇ ತಾಟು

ಪಾಠ ನಡೆಯುತ್ತಿದ್ದದ್ದು ಮರಾಠಿಯಲ್ಲಿ. ಹನ್ನೊಂದರಲ್ಲಿ ಐವರ ಮನೆಮಾತು ಕನ್ನಡ. ಮಂದ್ರೂಪದ ಅಕ್ಕ-ತಂಗಿಗೆ ತಿಳಿಯದೆ ಹೋದದ್ದನ್ನು ನಾವು ಚಹಾದ ಹೊತ್ತಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆವು. ಬೆಳಕು ತಿರುಗಿಸುವ ಹಲಗೆಗೆ ತಂಗಿ "ಬಿಳಿ ಗೋಡಿ" ಎಂದು ಹೆಸರಿಟ್ಟಳು, ಕೊನೆಗೆ ಮಾಸ್ತರರೂ ಹಾಗೇ ಕರೆಯತೊಡಗಿದರು. ನಮ್ಮಲ್ಲಿ ಹಿಂಡಿ ಅಂದರೂ ಅವರಲ್ಲಿ ಚಟಣಿ ಅಂದರೂ ಒರಳಿನಿಂದ ಬರುವುದು ಒಂದೇ. ರೊಟ್ಟಿಗೂ ಭಾಕರಿಗೂ ಜೋಳ ಒಂದೇ. ಚಿತ್ರ ಸರಿಯಾಗಿದ್ದರೆ ವಿಜಯಪುರದವರೂ ಪುಣೆಯವರೂ ಅದನ್ನು ತಮ್ಮದೆಂದೇ ಗುರುತಿಸುತ್ತಾರೆ. ನಮ್ಮ ಹೊಸ ಪಾಕೀಟಿನ ಮೇಲೆ ಹೆಸರು ಎರಡೂ ಲಿಪಿಯಲ್ಲಿದೆ.

ಕುಟ್ಟಿದವರೇ ಪರೀಕ್ಷಕರು

ಕಲಿತ ಮೇಲೆ ತೆಗೆದ ಚಿತ್ರಗಳನ್ನು ಊರಿನಲ್ಲಿ ಏಳು ಮಂದಿಯ ಮುಂದೆ ಇಟ್ಟೆ. ಒಂದು ಮೊಬೈಲಿನಲ್ಲಿ ಊಟದ ಚಿತ್ರಕ್ಕೆಂದೇ ಒಂದು ಗುಂಡಿ ಇರುತ್ತದೆ, ಅದು ಕೆಂಪನ್ನು ತಾನಾಗಿಯೇ ಏರಿಸುತ್ತದೆ. ಹೋಲಿಸಿ ನೋಡಲೆಂದು ಹಾಗೆ ತೆಗೆದದ್ದನ್ನೂ ಸೇರಿಸಿದ್ದೆ. ಎಲ್ಲರಿಗಿಂತ ಹಿರಿಯರಾದ ದೊಡ್ಡವ್ವ ಡಬ್ಬಿಯಿಂದ ಒಂದು ಹಿಡಿ ಚಟ್ನಿ ತೆಗೆದು ಪರದೆಯ ಪಕ್ಕ ಹಿಡಿದರು. "ಏ ತಮ್ಮಾ, ಇದು ನಮ್ಮ ಖಾರ ಅಲ್ಲ. ಇಷ್ಟು ಕೆಂಪ ನಾವು ಎಂದ ಹಾಕೇವಿ? ಇದನ್ನ ತಗಿ. ಆ ಮಬ್ಬ ಇರೂದ ನಮ್ಮದು, ಎಣ್ಣಿ ಜಿನುಗೂದು ಕಾಣತದ."

ದೊಡ್ಡವ್ವ ಆರಿಸಿದ ಚಿತ್ರವೇ ಪಾಕೀಟಿನ ಮೇಲೆ ಹೋಯಿತು. ಪುಣೆಯ ಅಂಗಡಿಕಾರರು ದರವನ್ನು 25 ರೂಪಾಯಿ ಏರಿಸಿದರು. ಉಳಿದ 15ಕ್ಕೆ ಮಾತು ನಡೆದಿದೆ. ಪಾಕೀಟಿನಲ್ಲಿರುವುದು 250 ಗ್ರಾಂ ಆದ್ದರಿಂದ ಚಿತ್ರದಲ್ಲೂ ಅಷ್ಟನ್ನೇ ತೂಗಿ ಇಟ್ಟಿದ್ದೆವು.

ಮನೆಯಲ್ಲೇ ಶುರು ಮಾಡುವವರಿಗೆ ಬೇಕಾದದ್ದು ಒಂದು ಕಿಟಕಿ, ಒಂದು ಧೋತರ, ಥರ್ಮೋಕೋಲ್ ಹಲಗೆ, ಕೈ ಅಲುಗದಂತೆ ಮೊಬೈಲ್ ನಿಲ್ಲಿಸಲು ಒಂದು ಸ್ಟ್ಯಾಂಡು. ಅಡುಗೆ ಒಲೆಯಿಂದ ಇಳಿಯುವ ಮೊದಲೇ ಬೇರೊಂದು ಬಟ್ಟಲು ಇಟ್ಟು ಬೆಳಕು, ಜಾಗ ಗೊತ್ತು ಮಾಡಿಕೊಳ್ಳಿ. ಬಿಸಿ ಪದಾರ್ಥದ ಹೊಳಪು ಬೇಗ ಇಳಿದುಹೋಗುತ್ತದೆ. ಒಂದೇ ಕೋನದಲ್ಲಿ ನಿಲ್ಲದೆ ಹತ್ತು ಚಿತ್ರ ತೆಗೆದು, ಪಾಕೀಟಿಗೆ ಕಳಿಸುವ ಮೊದಲು ಮಾಲನ್ನೂ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಅದನ್ನು ಮಾಡಿದವರಿಗೇ ತೋರಿಸಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರಲ್ಲ, ದೂರದ ಗಿರಾಕಿಗೆ ಪ್ರಮಾಣಿಸಿ ನೋಡುವ ಅನುಕೂಲವಿಲ್ಲ. ಅವನ ಪರವಾಗಿ ಆ ಕೆಲಸ ನಾವೇ ಮಾಡಬೇಕಾಗುತ್ತದೆ.