ಸೇವಾ ಮುಕ್ತಾಯದ ಮಾತುಕತೆ: ಮಾಲೀಕನ ಹೊಣೆ, ನೌಕರನ ಹಕ್ಕು

ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ, ಬ್ಯಾಂಕು ಹಾಗೂ ಕಂಪನಿಗಳ ಎತ್ತರದ ಕಟ್ಟಡಗಳ ನಡುವೆ ರಾಜ್ಯದ ಕಾರ್ಮಿಕ ಆಯುಕ್ತರ ‘ಕಾಮಗಾರ್ ಭವನ’ವಿದೆ. ನೌಕರರ ಭವಿಷ್ಯ ನಿಧಿಯ ಕಚೇರಿಯೂ ಬಾಂದ್ರಾ ಪೂರ್ವದಲ್ಲಿಯೇ ಇದೆ. ಉಡುಪಿ ಹೋಟೆಲಿನ ಮಾಣಿಯಾಗಲಿ, ಕಚೇರಿಯ ಗುಮಾಸ್ತನಾಗಲಿ, “ನಾಳೆಯಿಂದ ಬರಬೇಡ” ಎಂಬ ಒಂದು ಮಾತಿನಿಂದ ಕೆಲಸ ಕಳೆದುಕೊಂಡವನು ಪರಿಹಾರವನ್ನರಸಿ ಈ ಮೆಟ್ಟಿಲುಗಳನ್ನು ಏರಬೇಕಾಗುತ್ತದೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅಂತಹ ಬರಿಯ ಮಾತಿಗೆ ಬೆಲೆಯಿಲ್ಲ.

ಇದನ್ನು ಸ್ಥಿರಪಡಿಸಿದ ಪ್ರಕರಣವೊಂದು ಮುಂಬಯಿಯದೇ ಆಗಿದೆ. ಜೆ.ಜೆ. ಆಸ್ಪತ್ರೆ ಸಮೂಹದ ಇಬ್ಬರು ವಾರ್ಡ್ ಸೇವಕಿಯರನ್ನು ಪರಿಹಾರ ನೀಡದೆ ಸೇವೆಯಿಂದ ತೆಗೆಯಲಾಗಿತ್ತು. ಪರಿಹಾರ ಪಾವತಿಯು ಉದ್ಯೋಗ ಕಡಿತಕ್ಕೆ ಪೂರ್ವಷರತ್ತು, ಅದಿಲ್ಲದ ಕಡಿತವು ಅಸಿಂಧು ಎಂದು 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಒಂದು ವರ್ಷ ಸತತ ಸೇವೆ ಸಲ್ಲಿಸಿದ ಕಾರ್ಮಿಕನಿಗೆ ಕಾರಣ ಸಹಿತವಾದ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲು ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಸಲ್ಲಬೇಕು. ವ್ಯವಸ್ಥಾಪಕ ವರ್ಗದವರು ಈ ರಕ್ಷಣೆಯ ಹೊರಗಿದ್ದು, ಅವರಿಗೆ ನೇಮಕಾತಿ ಪತ್ರದ ಷರತ್ತುಗಳೇ ಆಧಾರ.

ದುರ್ನಡತೆಗಾಗಿ ವಜಾ ಮಾಡುವುದು ಬೇರೆಯೇ ವಿಷಯ. ಅಲ್ಲಿ ಆರೋಪಪಟ್ಟಿ, ವಿಚಾರಣೆ, ಉತ್ತರ ಹೇಳುವ ಅವಕಾಶ ಇವು ಮೊದಲು ನಡೆಯಬೇಕು. ಗೈರುಹಾಜರಾದವನ ಹೆಸರನ್ನು ಸಹ ಅಹವಾಲು ಕೇಳದೆ ಹೊಡೆದುಹಾಕುವುದು ಸ್ವಾಭಾವಿಕ ನ್ಯಾಯಕ್ಕೆ ವಿರುದ್ಧವೆಂದು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ.

ಆದ್ದರಿಂದ ಮಾತುಕತೆಗೆ ಕರೆಯುವ ಮೊದಲೇ ಪತ್ರವೂ ಲೆಕ್ಕವೂ ಹಣವೂ ಸಿದ್ಧವಿರಬೇಕು. ಇತರ ನೌಕರರ ಎದುರಿನಲ್ಲಾಗಲಿ, ಗಿರಾಕಿಗಳು ತುಂಬಿದ ಗಲ್ಲಾದ ಬಳಿಯಲ್ಲಾಗಲಿ ಈ ವಿಷಯವನ್ನು ಎತ್ತತಕ್ಕದ್ದಲ್ಲ. ನಿರ್ಧಾರವನ್ನು ಮೊದಲೇ, ಸ್ಪಷ್ಟವಾಗಿ ತಿಳಿಸಬೇಕು. ಕುಶಲೋಪರಿಯಲ್ಲಿ ಕಾಲ ಕಳೆದು ಕೊನೆಗೆ ಹೇಳುವುದು ದಯೆಯಂತೆ ತೋರಿದರೂ ಕೇಳುವವನನ್ನು ಹೆಚ್ಚು ನೋಯಿಸುತ್ತದೆ. ಬಾಯಲ್ಲಿ ಹೇಳುವ ಕಾರಣ ಪತ್ರದಲ್ಲಿರುವ ಕಾರಣವೇ ಆಗಿರಬೇಕು. ಅನಂತರ ಕೇಳುವವನ ಸರದಿ. ಅವನು ಕೋಪಗೊಂಡರೆ ವಾದಕ್ಕಿಳಿಯದೆ, ಮೌನವಾಗಿದ್ದರೆ ಅವಸರಪಡಿಸದೆ ಕಾಯುವುದು ಉಚಿತ.

ಮುಂಬಯಿಯಂತಹ ನಗರದಲ್ಲಿ ಭಾಷೆಯ ಪ್ರಶ್ನೆಯೂ ಗಂಭೀರವಾದುದು. ಊರಿನಿಂದ ಬಂದ ಕನ್ನಡ ನೌಕರನ ಮುಂದೆ ಅವನಿಗೆ ಓದಲು ಬಾರದ ಮರಾಠಿ ಅಥವಾ ಇಂಗ್ಲಿಷ್ ಕಾಗದವನ್ನಿಟ್ಟು ರುಜು ಪಡೆಯುವುದು ಅನ್ಯಾಯ. ಆ ಕಾಗದ ರಾಜೀನಾಮೆಯಾಗಿದ್ದರೆ ಪರಿಹಾರದ ಹಕ್ಕೇ ಕೈತಪ್ಪಬಹುದು. ನೌಕರನು ಪತ್ರ ತಲಪಿದ್ದಕ್ಕೆ ದಿನಾಂಕ ಸಹಿತ ರುಜು ಹಾಕಿ, ಪ್ರತಿಯನ್ನು ತನ್ನಲ್ಲಿಟ್ಟುಕೊಳ್ಳಬಹುದು. ರಾಜೀನಾಮೆ ಬರೆದುಕೊಡಬೇಕಾದ ನಿರ್ಬಂಧವೇನೂ ಇಲ್ಲ.

ಬಾಕಿ ವೇತನವು ಎರಡು ಕೆಲಸದ ದಿನಗಳೊಳಗೆ ಪಾವತಿಯಾಗಬೇಕು. ವಜಾ ಅಥವಾ ಕಡಿತವು ಅನ್ಯಾಯವೆನಿಸಿದಲ್ಲಿ ಕಾರ್ಮಿಕನು ಎರಡು ವರ್ಷಗಳೊಳಗೆ ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. 45 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಾಧಿಕರಣದ ಮೊರೆ ಹೋಗಬಹುದು.