ನೂಲಿನಿಂದ ನಾಳದವರೆಗೆ

ಗಜೇಂದ್ರಗಡದ ಮಗ್ಗಗಳ ಸದ್ದನ್ನು ಬಲ್ಲವರಿಗೆ ಈ ಸಂಗತಿ ಅಚ್ಚರಿಯೆನಿಸಬಹುದು: ಕೃತಕ ರಕ್ತನಾಳದ ಇತಿಹಾಸದಲ್ಲಿ ಒಂದು ರೇಷ್ಮೆಯ ಎಳೆಗೆ ಹಿರಿದಾದ ಸ್ಥಾನವಿದೆ. 1947ರಲ್ಲಿ ಅಮೆರಿಕದ ಶಸ್ತ್ರವೈದ್ಯ ಆರ್ಥರ್ ವೂರ್ಹೀಸ್, ನಾಯಿಯ ಹೃದಯದೊಳಗಿದ್ದ ರೇಷ್ಮೆಯ ಹೊಲಿಗೆದಾರದ ಮೇಲೆ ಕೆಲ ತಿಂಗಳಲ್ಲಿಯೇ ಹೊಳೆಯುವ ತೆಳುಪೊರೆ ಬೆಳೆದುದನ್ನು ಕಂಡರು. ಹಾಗಿದ್ದರೆ ಬಟ್ಟೆಯ ಕೊಳವೆಯೇ ನಾಳವಾಗಬಾರದೇಕೆ ಎಂಬ ವಿಚಾರ ಅವರಿಗೆ ಹೊಳೆಯಿತು. 1952ರಲ್ಲಿ ಆ ಪ್ರಯೋಗದ ವರದಿ ಪ್ರಕಟವಾಯಿತು. ಅನಂತರ ಮೈಕೇಲ್ ಡಿಬೇಕಿ ಅವರು ಡೇಕ್ರಾನ್ ಬಟ್ಟೆಯನ್ನು ಹೊಲಿಗೆಯಂತ್ರದಲ್ಲಿ ಹೊಲಿದು ನಾಳ ಸಿದ್ಧಪಡಿಸಿದರು.

ದೊಡ್ಡ ಧಮನಿಗಳ ಸ್ಥಾನದಲ್ಲಿ ಇಂತಹ ನಾಳಗಳು ದೀರ್ಘಕಾಲ ಬಾಳುತ್ತವೆ. ಆದರೆ 6 ಮಿಲಿಮೀಟರಿಗಿಂತ ಕಿರಿದಾದವು ಬೇಗ ಮುಚ್ಚಿಹೋಗುತ್ತವೆ. ನಮ್ಮ ನಾಳದ ಒಳಮೈಯ ಜೀವಕೋಶಗಳು ರಕ್ತವನ್ನು ಹೆಪ್ಪುಗಟ್ಟಗೊಡುವುದಿಲ್ಲ. ಕೃತಕ ನಾಳಕ್ಕೆ ಆ ಗುಣವಿಲ್ಲ.

ಈ ಕೊರತೆಯನ್ನು ನೀಗಿಸುವ ಒಂದು ದಾರಿಯೇ ಪ್ಲಾಸ್ಮಾ ಸಂಸ್ಕಾರ. ಇದು ರಕ್ತದಲ್ಲಿರುವ ಪ್ಲಾಸ್ಮಾ ಅಲ್ಲ. ಮಿಂಚಿನಲ್ಲಿ, ಟ್ಯೂಬ್‌ಲೈಟಿನ ಒಳಗೆ ಬೆಳಗುವ ವಿದ್ಯುದಾವಿಷ್ಟ ಅನಿಲ. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ನಾಳವನ್ನಿರಿಸಿ, ಅಲ್ಪ ಪ್ರಮಾಣದ ಅನಿಲವನ್ನು ಬಿಟ್ಟು ವಿದ್ಯುತ್ ಹಾಯಿಸಿದಾಗ, ಅದರ ಕಣಗಳು ಮೇಲ್ಮೈಯ ಕೆಲವೇ ನ್ಯಾನೊಮೀಟರ್ ಆಳವನ್ನು ಮಾರ್ಪಡಿಸುತ್ತವೆ. ನಾಳದ ಒಡಲಿನ ಗಟ್ಟಿತನ ಹಾಗೆಯೇ ಉಳಿಯುತ್ತದೆ. ಬಣ್ಣ ಹಿಡಿಯಲೆಂದು ನೇಕಾರನು ನೂಲನ್ನು ಮೊದಲೇ ಹದಗೊಳಿಸುವಂತೆ, ಈ ಸಂಸ್ಕಾರವು ಮೇಲ್ಮೈಯನ್ನು ಹದಗೊಳಿಸುತ್ತದೆ. ಆಗ ಹೆಪ್ಪು ತಡೆಯುವ ಹೆಪಾರಿನ್ ಅಥವಾ ಜೀವಕೋಶಗಳನ್ನು ಸೆಳೆಯುವ ಪ್ರೋಟೀನು ಅಲ್ಲಿ ಭದ್ರವಾಗಿ ನೆಲೆಯೂರಬಲ್ಲದು. ಈ ದಿಸೆಯ ಕಾರ್ಯ ಬಹುಮಟ್ಟಿಗೆ ಇನ್ನೂ ಪ್ರಯೋಗಾಲಯದಲ್ಲಿಯೇ ಇದೆ.

ರೋಣ, ನರಗುಂದ, ಗಜೇಂದ್ರಗಡದ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಮೂತ್ರಪಿಂಡ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಸಾಮಾನ್ಯವಾಗಿ ತೋಳಿನ ಸ್ವಂತ ನಾಳಗಳನ್ನೇ ಕೂಡಿಸಿ ಫಿಸ್ಟುಲಾ ರಚಿಸುತ್ತಾರೆ; ಸಿರೆಗಳು ತಕ್ಕುದಾಗಿಲ್ಲದಿದ್ದಾಗ ಕೃತಕ ನಾಳವೇ ಆಸರೆ. ಆ ತೋಳು ಅವರ ಜೀವನಾಡಿ. ಅದರಲ್ಲಿ ರಕ್ತದೊತ್ತಡ ಅಳೆಯಗೊಡಬಾರದು. ಡಯಾಲಿಸಿಸ್ ಹೊರತು ಬೇರಾವುದಕ್ಕೂ ಸೂಜಿ ಚುಚ್ಚಗೊಡಬಾರದು, ಭಾರ ಹೊರಬಾರದು. ಪ್ರತಿದಿನ ಬೆರಳಿಟ್ಟು ಒಳಗಿನ ಕಂಪನವನ್ನು ಪರೀಕ್ಷಿಸಬೇಕು. ಅದು ನಿಂತಿದ್ದರೆ ನಾಳೆಗೆ ಕಾಯದೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕೆಂಪು, ಊತ, ಕೀವು ಕಂಡರೂ ಅಷ್ಟೇ.

ಆದರೂ ಯಾವ ಕೃತಕ ನಾಳವೂ ಹುಟ್ಟಿನಿಂದ ಬಂದ ನಾಳಕ್ಕೆ ಸಮವಲ್ಲ. ತಂಬಾಕು, ಅಂಕೆಯಿಲ್ಲದ ಮಧುಮೇಹ, ಏರಿದ ರಕ್ತದೊತ್ತಡ ಇವು ಅದನ್ನು ಸದ್ದಿಲ್ಲದೆ ಕೆಡಿಸುತ್ತವೆ. ಬೀಡಿ, ಗುಟಕಾ ತೊರೆಯುವುದು, ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು ಪ್ರತಿಯೊಬ್ಬರ ಕೈಯಲ್ಲಿರುವ ಚಿಕಿತ್ಸೆ. ಕಾಯಕಕ್ಕೆ ಆಧಾರವಾದ ಈ ಕಾಯವನ್ನು ಜತನದಿಂದ ಕಾಯ್ದುಕೊಳ್ಳುವುದೂ ಕಾಯಕವೇ ಎಂಬುದನ್ನು ಸದ್ಭಕ್ತರು ಮರೆಯದಿರಲಿ.