ಟ್ರೌಟಿನ ಹೊಟ್ಟೆಯಲ್ಲಿ ಏನಿತ್ತು?

ಕೊಡಗಿನ ಸಿದ್ದಾಪುರದ ಬಳಿ, ಕಾವೇರಿಗೆ ಕೂಗಳತೆಯಲ್ಲಿರುವ ಕಾಫಿ ತೋಟದ ಮನೆ. ಯಜಮಾನರಿಗೆ ಎಂಬತ್ತು ದಾಟಿದೆ. ಕಿಟಕಿ ಬಳಿಯ ಮೇಜಿಗೆ ಪುಟ್ಟ ವೈಸ್ ಬಿಗಿದು, ಅದರ ಬಾಯಿಗೆ ಸಣ್ಣದೊಂದು ಕೊಕ್ಕೆ ಕಚ್ಚಿಸಿ, ರೇಷ್ಮೆ ದಾರ ಸುತ್ತುತ್ತಿದ್ದರು. ಹುಂಜದ ಕುತ್ತಿಗೆಯ ಗರಿಯೊಂದನ್ನು ಆರಿಸಿ, ಬುಡದ ತುಪ್ಪಳ ಕಿತ್ತು, ಕೊಕ್ಕೆಯ ಕಣ್ಣಿನ ಬಳಿ ಸುತ್ತಿದ್ದೇ ತಡ, ಗರಿಯ ಎಳೆಗಳು ಹುಳದ ಕಾಲುಗಳಂತೆ ಎದ್ದು ನಿಂತವು. ಗಂಟು ಹಾಕಿ, ಮೇಲೊಂದು ಹನಿ ವಾರ್ನಿಷ್ ಮುಟ್ಟಿಸಿದರು. ಫ್ಲೈ, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಹುಳ, ಸಿದ್ಧ! ನನಗೂ ಕಲಿಸಿಕೊಡಿ ಎಂದೆ. ಅವರು ಎದ್ದು ಹೋಗಿ ಪುಸ್ತಕದ ಕಪಾಟು ತೆರೆದರು. "ಮೊದಲು ಓದಿ. ಕೈ ತಾನಾಗಿ ಕಲಿಯುತ್ತದೆ."

ಮೊದಲು ಕೈಗಿತ್ತದ್ದು ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ'. 1873ರಲ್ಲಿ ಇದು ಮೊದಲು ಹೊರಬಂದದ್ದು ಲಂಡನ್ನಿನಿಂದಲ್ಲ, ನಮ್ಮ ಮಂಗಳೂರಿನಿಂದ! ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಮಹಶೀರ್ ಮೀನು ಹಿಡಿಯುವ ಬಗೆಯ ಜೊತೆಗೆ ಅದರ ಬದುಕನ್ನೂ ಬರೆದರು. ಅದು ಒಮ್ಮೆಗೇ ಮೊಟ್ಟೆಯಿಡದೆ ಕಂತು ಕಂತಾಗಿ ಇಡುತ್ತದೆ ಎಂಬುದು ಅವರ ವಾದ. ನೀರುನಾಯಿಗೆ ಪುಸ್ತಕದ ಉಪಶೀರ್ಷಿಕೆಯಲ್ಲೇ ಜಾಗ ಕೊಟ್ಟರು. ನಮ್ಮ ಹೊಳೆಗಳ ಬಗ್ಗೆ ಆಸ್ಥೆಯಿರುವ ಯಾರೂ ಇದನ್ನು ಬಿಡಬಾರದು.

ಇನ್ನು ಎಲ್ಲರೂ ಹೇಳುವ ಹೆಸರು ಐಸಾಕ್ ವಾಲ್ಟನ್. 1653ರ 'ದಿ ಕಂಪ್ಲೀಟ್ ಆ್ಯಂಗ್ಲರ್'. ಗದ್ಯ ಹಿತವಾಗಿದೆ, ನಿಜ. ಆದರೆ ಫ್ಲೈ ವಿಷಯದಲ್ಲಿ ಅವರು ಥಾಮಸ್ ಬಾರ್ಕರ್ ಎಂಬ ಬೇರೊಬ್ಬರನ್ನು ನೆಚ್ಚಿಕೊಂಡವರು. ಆ ಕಲೆ ಬಲ್ಲವರು ಅವರ ಕಿರಿಯ ಗೆಳೆಯ ಚಾರ್ಲ್ಸ್ ಕಾಟನ್. ಕಾಟನ್ ಬರೆದ ಎರಡನೇ ಭಾಗ ಸೇರಿದ್ದು 1676ರ ಐದನೇ ಮುದ್ರಣಕ್ಕೆ. ಕೊಳ್ಳುವಾಗ ಆ ಭಾಗ ಇದೆಯೇ ಎಂದು ನೋಡಿಕೊಳ್ಳಿ.

ನನ್ನನ್ನು ಪೂರ್ತಿ ಸೆಳೆದುಕೊಂಡವರು ಜಿ.ಇ.ಎಂ. ಸ್ಕ್ಯೂಸ್. ಲಂಡನ್ನಿನ ವಕೀಲರು, ರಜೆ ಸಿಕ್ಕರೆ ವಿಂಚೆಸ್ಟರ್ ಬಳಿಯ ಇಚನ್ ನದಿ. ಆಗ ದಕ್ಷಿಣ ಇಂಗ್ಲೆಂಡಿನ ತಿಳಿನೀರ ಹೊಳೆಗಳಲ್ಲಿ ಫ್ರೆಡರಿಕ್ ಹಾಲ್ಫರ್ಡ್ ಹೇಳಿದ್ದೇ ವೇದವಾಕ್ಯ: ಫ್ಲೈ ನೀರಿನ ಮೇಲೆ ತೇಲಲೇಬೇಕು. ಸ್ಕ್ಯೂಸ್ ಮಾತ್ರ ಮೀನನ್ನೇ ಕೇಳೋಣ ಎಂದು ಹೊರಟರು. ಹಿಡಿದು ಕೊಂದ ಟ್ರೌಟಿನ ಗಂಟಲೊಳಗೆ, ಮೂಳೆಯಿಂದ ಮಜ್ಜೆ ತೆಗೆಯುವ ನೀಳ ಚಮಚ ಇಳಿಸಿ, ಹೊಟ್ಟೆಯಲ್ಲಿದ್ದದ್ದನ್ನು ಬಿಳಿ ತಟ್ಟೆಯ ನೀರಿಗೆ ಸುರಿದು ಬಿಡಿಸಿ ನೋಡುತ್ತಿದ್ದರು. ತಟ್ಟೆಯಲ್ಲಿ ಕಂಡದ್ದು ಬಹುಪಾಲು ರೆಕ್ಕೆ ಬಂದ ಹುಳಗಳಲ್ಲ, ನೀರೊಳಗೇ ಈಜುವ ಮರಿಹುಳಗಳು, ಅಂದರೆ ನಿಂಫ್‌ಗಳು. ಮೇಲ್ಮೈಯಲ್ಲಿ ಅಲೆಯೆದ್ದಾಗಲೂ ಎಷ್ಟೋ ಬಾರಿ ಮೀನು ಉಣ್ಣುತ್ತಿದ್ದದ್ದು ಅದರ ಕೆಳಗೆ! ಹಾಗಾದರೆ ಫ್ಲೈ ಕೂಡ ಮುಳುಗಲಿ ಎಂದರು ಸ್ಕ್ಯೂಸ್. 1910ರ 'ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್' ಹುಟ್ಟಿದ್ದು ಹೀಗೆ. ಜಗಳ ಎಷ್ಟು ಬೆಳೆಯಿತೆಂದರೆ, 1938ರಲ್ಲಿ ಲಂಡನ್ನಿನ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ಇದೇ ವಿಷಯಕ್ಕೆ ಚರ್ಚೆ ಏರ್ಪಟ್ಟಿತು. ಆಗ ಎಂಬತ್ತರ ಹೊಸ್ತಿಲಲ್ಲಿದ್ದ ಸ್ಕ್ಯೂಸ್ ಪರವಾಗಿ ಮಾತಾಡಿದವರು ತೀರಾ ಕಡಿಮೆ. ಅದೇ ವರ್ಷ ಅವರು ತಮ್ಮ ಪ್ರೀತಿಯ ಇಚನ್ ದಂಡೆಯನ್ನು ಬಿಟ್ಟರು. ಇಂದು ಜಗತ್ತಿನ ಯಾವ ಟ್ರೌಟ್ ಹೊಳೆಗೆ ಹೋದರೂ ಮುಳುಗುವ ನಿಂಫ್ ಫ್ಲೈ ಇದ್ದೇ ಇರುತ್ತದೆ. ಅವರ 1921ರ 'ದಿ ವೇ ಆಫ್ ಎ ಟ್ರೌಟ್ ವಿತ್ ಎ ಫ್ಲೈ' ಇನ್ನೂ ಸೊಗಸು. ಮೀನಿನ ಕಣ್ಣಿಗೆ ಏನು ಕಾಣುತ್ತದೆ ಎಂದು ಅವರು ವಿಚಾರ ಮಾಡುವ ಪುಟಗಳನ್ನು ಗಾಳ ಮುಟ್ಟದವರೂ ಓದಬೇಕು.

ಕಥೆಯೇ ಬೇಕೆನ್ನುವವರಿಗೆ ನಾರ್ಮನ್ ಮೆಕ್ಲೀನ್ ಅವರ 'ಎ ರಿವರ್ ರನ್ಸ್ ಥ್ರೂ ಇಟ್'. 1976ರಲ್ಲಿ ಅದು ಹೊರಬಂದಾಗ ಅವರಿಗೆ 73. ನ್ಯೂಯಾರ್ಕಿನ ಪ್ರಕಾಶಕರು ಬೇಡವೆಂದದ್ದನ್ನು ಅವರು ಪಾಠ ಹೇಳಿದ್ದ ಶಿಕಾಗೊ ವಿಶ್ವವಿದ್ಯಾಲಯದ ಪ್ರೆಸ್ ಪ್ರಕಟಿಸಿತು. ಮಾಂಟಾನಾದ ಬಿಗ್ ಬ್ಲಾಕ್‌ಫುಟ್ ನದಿ, ಮೆಟ್ರೊನೋಮ್ ಇಟ್ಟುಕೊಂಡು ಮಕ್ಕಳಿಗೆ ನಾಲ್ಕೆಣಿಕೆಯ ತಾಳದಲ್ಲಿ ಗಾಳ ಬೀಸಲು ಕಲಿಸುವ ಪಾದ್ರಿ ತಂದೆ, ಯಾರ ಸಹಾಯವನ್ನೂ ಒಪ್ಪದ ತಮ್ಮ. ರೆಡ್‌ಫರ್ಡ್ ನಿರ್ದೇಶನದ 1992ರ ಸಿನಿಮಾ ನೋಡಿದ್ದೇವಲ್ಲ ಎಂದು ಸುಮ್ಮನಾಗಬೇಡಿ. ಒಂದು ಮಧ್ಯಾಹ್ನಕ್ಕೆ ಮುಗಿಯುವ ನೀಳ್ಗತೆ, ನದಿಯೂ ಗಾಳವೂ ಸಿನಿಮಾಕ್ಕಿಂತ ಪುಸ್ತಕದಲ್ಲೇ ಹೆಚ್ಚಿವೆ.